ಮೆನು ಚೆಂದವಿರದಿದ್ದರೂ ಸರಿ, ಕದಲಬಾರದು

ಆಫೀಸುಗಳಿಗೆ ಕಂಪ್ಯೂಟರ್ ಹಾಕಿಕೊಡುವುದು, ಆಮೇಲೆ ಅವುಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಬರುವ ಫೋನುಗಳಲ್ಲಿ ದೊಡ್ಡ ಪಾಲು ಕೆಟ್ಟುಹೋದ ಯಂತ್ರದ ಬಗ್ಗೆ ಇರುವುದಿಲ್ಲ. "ನಿನ್ನೆ ಇಲ್ಲೇ ಇತ್ತು, ಇವತ್ತು ಕಾಣಿಸ್ತಿಲ್ಲ" ಅನ್ನುವ ಜಾತಿಯವು. ಹೋಗಿ ನೋಡಿದರೆ ಪ್ರೋಗ್ರಾಂ ಅಲ್ಲೇ ಇರುತ್ತದೆ, ಒಂದಿಷ್ಟು ಆಚೆ ಸರಿದಿರುತ್ತದೆ ಅಷ್ಟೇ.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಮೆನುವನ್ನು ಓದುವುದಿಲ್ಲ. ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ, ಕೈ ತನಗೆ ಗೊತ್ತಿರುವ ಜಾಗಕ್ಕೆ ಹೋಗುತ್ತದೆ. ಹಾಗಾಗಿ ಯಾರದೇ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್ ಮುಟ್ಟಿದರೂ ನಾನು ಮೊದಲು ನೋಡುವುದು, ಇದರಲ್ಲಿ ತಾನಾಗಿ ಕದಲುವಂಥದ್ದು ಯಾವುದಿದೆ ಎಂದು. ಬಣ್ಣ, ವಾಲ್‌ಪೇಪರ್, ಥೀಮ್ ಎಲ್ಲ ಆಮೇಲೆ.

ಸ್ಟಾರ್ಟ್ ಬಟನ್ನನ್ನೇ ತೆಗೆದುಕೊಳ್ಳಿ. 1995ರಿಂದ ಅದು ಎಡಗಡೆಯ ಕೆಳಮೂಲೆಯಲ್ಲಿತ್ತು. 2012ರ ವಿಂಡೋಸ್ 8ರಲ್ಲಿ ಬಟನ್ನನ್ನೇ ಕಿತ್ತುಹಾಕಿ, ಜನ ಗಲಾಟೆ ಮಾಡಿದ ಮೇಲೆ ಮರುವರ್ಷ 8.1ರಲ್ಲಿ ವಾಪಸ್ ಕೊಟ್ಟರು. 2021ರ ವಿಂಡೋಸ್ 11ರಲ್ಲಿ ಅದು ನಡುವಿಗೆ ಬಂತು. ನಡುವಿಗೆ ಬಂದದ್ದಕ್ಕೆ ನನ್ನ ತಕರಾರಿಲ್ಲ, ಅಲ್ಲಿಯಾದರೂ ನಿಲ್ಲಬೇಕಲ್ಲ! ಪಿನ್ ಮಾಡಿರದ, ಅಂದರೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಖಾಯಂ ಆಗಿ ಇಟ್ಟಿರದ ಪ್ರೋಗ್ರಾಂ ಒಂದನ್ನು ತೆರೆದರೆ ಟಾಸ್ಕ್‌ಬಾರಿನ ಸಾಲು ಉದ್ದವಾಗುತ್ತದೆ, ಮತ್ತೆ ನಡುವಿಗೆ ಹೊಂದಿಕೊಳ್ಳುವಾಗ ಸ್ಟಾರ್ಟ್ ಬಟನ್ ತುಸು ಎಡಕ್ಕೆ ಜರುಗುತ್ತದೆ. ಮುಚ್ಚಿದರೆ ಬಲಕ್ಕೆ. ಕೈಗೆ ಅಭ್ಯಾಸವಾಗುವುದಾದರೂ ಹೇಗೆ?

ಟಾಸ್ಕ್‌ಬಾರ್ ಮೇಲೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋದರೆ, ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬಲ್ಲಿ ಅಲೈನ್‌ಮೆಂಟ್ ಇದೆ. ಅದನ್ನು ಲೆಫ್ಟ್ ಮಾಡಿದರೆ ಮುಗಿಯಿತು. ಮೂಲೆಗೆ ಇನ್ನೊಂದು ಲಾಭವಿದೆ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಪರದೆ ದಾಟಿ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಗುರಿ ಹತ್ತಿರವಿದ್ದಷ್ಟೂ ದೊಡ್ಡದಿದ್ದಷ್ಟೂ ಕೈ ಬೇಗ ಮುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅಂಚು ಮತ್ತು ಮೂಲೆಗಳಲ್ಲಿ ಗುರಿ ತಪ್ಪುವುದೇ ಕಷ್ಟ.

ಕಂಪ್ಯೂಟರ್ ತಾನೇ ಬುದ್ಧಿವಂತನಾಗಿ ಮೆನು ಜೋಡಿಸುವ ಆಸೆ ಹಳೆಯದು. ಆಫೀಸ್ 2000ದಲ್ಲಿ ಮೆನು ತೆರೆದರೆ ನೀವು ಹೆಚ್ಚು ಬಳಸುವ ಆಜ್ಞೆಗಳಷ್ಟೇ ಕಾಣುತ್ತಿದ್ದವು, ಉಳಿದವು ಕೆಳಗಿನ ಬಾಣದ ಗುರುತಿನ ಹಿಂದೆ ಅಡಗಿರುತ್ತಿದ್ದವು. ಸಹಾಯ ಮಾಡಲು ಹೋಗಿ ಹುಡುಕುವ ಕೆಲಸ ಹೆಚ್ಚಿಸಿದ ವ್ಯವಸ್ಥೆ ಅದು. ಈಗ ಸ್ಟಾರ್ಟ್ ಮೆನುವಿನಲ್ಲಿರುವ ರೆಕಮೆಂಡೆಡ್ ಭಾಗ, ಅಂದರೆ ಇತ್ತೀಚಿನ ಫೈಲು, ಪ್ರೋಗ್ರಾಂಗಳನ್ನು ಕಂಪ್ಯೂಟರೇ ಆರಿಸಿ ತೋರಿಸುವ ಜಾಗ, ಅದರ ಮೊಮ್ಮಗ ಎನ್ನಬಹುದು. ನಾನು ಸಾಮಾನ್ಯವಾಗಿ ಆಫ್ ಮಾಡುತ್ತೇನೆ. ಆದರೆ ಕೇಳಿಯೇ ಮಾಡಿ: ಹಲವು ಆವೃತ್ತಿಗಳಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ರೀಸೆಂಟ್ ಫೈಲುಗಳೂ ಅದೇ ಸ್ವಿಚ್ಚಿಗೆ ಅಂಟಿಕೊಂಡಿವೆ. ನಿನ್ನೆಯ ಎಕ್ಸೆಲ್ ಶೀಟನ್ನು ಅಲ್ಲಿಂದಲೇ ತೆರೆಯುವವರಿಗೆ ಬೆಳಗಾಗುವಷ್ಟರಲ್ಲಿ ಪಟ್ಟಿ ಮಾಯವಾಗಿದ್ದರೆ ನಿಮ್ಮ ಫೋನೇ ಮೊದಲು ಹೊಡೆದುಕೊಳ್ಳುವುದು.

ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಒಬ್ಬ ಮೇಡಂ ಇದ್ದಾರೆ. ಬಂದ ಬಿಲ್ಲುಗಳ ಪಿಡಿಎಫ್‌ಗಳನ್ನು ನೆಟ್‌ವರ್ಕ್‌ನಲ್ಲಿರುವ ಒಂದು ಫೋಲ್ಡರಿಗೆ ಹಾಕುವುದು ಅವರ ನಿತ್ಯದ ಕೆಲಸ. ಏನು ಸೆಟ್ಟಿಂಗ್ ಬದಲಿಸಬೇಕು ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತೇನೆ. ಅವರು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡುತ್ತಿದ್ದರು, ಕಾಪಿಯ ಗುರುತಿಗಾಗಿ ಒಂದು ಕ್ಷಣ ಕಣ್ಣಾಡಿಸುತ್ತಿದ್ದರು, ಇನ್ನೊಂದು ಕಿಟಕಿಗೆ ಹೋಗಿ ನಾಲ್ಕು ಫೋಲ್ಡರ್ ಒಳಗಿಳಿದು ಪೇಸ್ಟ್ ಮಾಡುತ್ತಿದ್ದರು. ಆ ಕಣ್ಣಾಡಿಸುವಿಕೆಗೆ ಕಾರಣವಿದೆ. ವಿಂಡೋಸ್ 11ರ ರೈಟ್ ಕ್ಲಿಕ್ ಮೆನುವಿನಲ್ಲಿ ಕಟ್, ಕಾಪಿ ಚಿಹ್ನೆಗಳ ಸಾಲು ಒಮ್ಮೆ ಮೇಲಿರುತ್ತದೆ, ಪರದೆಯ ಕೆಳಭಾಗದಲ್ಲಿ ಕ್ಲಿಕ್ ಮಾಡಿದರೆ ಮೆನುವಿನ ಬುಡಕ್ಕೆ ಬರುತ್ತದೆ. ಬಾಣಕ್ಕೆ ಹತ್ತಿರ ಇರಲಿ ಎಂಬ ಒಳ್ಳೆಯ ಉದ್ದೇಶವೇ. ಆದರೂ ಕದಲಿತಲ್ಲ!

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಶೆಲ್, ಒಂದು ಕೋಲನ್, ನಡುವೆ ಜಾಗ ಬಿಡದೆ ಸೆಂಡ್‌ಟು ಎಂದು ಟೈಪ್ ಮಾಡಿದೆ. ಎಂಟರ್ ಒತ್ತಿದರೆ ಒಂದು ಫೋಲ್ಡರ್ ತೆರೆದುಕೊಳ್ಳುತ್ತದೆ. ರೈಟ್ ಕ್ಲಿಕ್ ಮೆನುವಿನ ಸೆಂಡ್ ಟು, ಅಂದರೆ ಫೈಲನ್ನು ಇಂಥಲ್ಲಿಗೆ ಕಳಿಸು ಎನ್ನುವ ಪಟ್ಟಿಯಲ್ಲಿ ಕಾಣುವುದು ಇದರಲ್ಲಿ ಇಟ್ಟದ್ದೇ. ಅದರಲ್ಲಿ ಬಿಲ್ಲುಗಳ ಫೋಲ್ಡರಿನ ಶಾರ್ಟ್‌ಕಟ್ ಇಟ್ಟು, ಅವರು ಎಂದೂ ಮುಟ್ಟದ ಬ್ಲೂಟೂತ್‌ನಂಥವನ್ನು ಅಳಿಸಿದೆ. ಅಳಿಸಿದ್ದು ಬರೀ ಶಾರ್ಟ್‌ಕಟ್, ಪ್ರೋಗ್ರಾಮಿಗೆ ಏನೂ ಆಗುವುದಿಲ್ಲ. ಈಗ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೆಯ ಉದ್ದ ಮೆನು ನೇರವಾಗಿ ಬರುತ್ತದೆ, ಶೋ ಮೋರ್ ಆಪ್ಷನ್ಸ್ ಒತ್ತುವ ರಗಳೆ ಇಲ್ಲ. ಅಲ್ಲಿ ಸೆಂಡ್ ಟು, ಅದರೊಳಗೆ ಬಿಲ್ಲುಗಳು. ಮೇಡಂ ಮಾಡಿ ನೋಡಿ, "ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?" ಎಂದು ನನ್ನನ್ನೇ ಗದರಿಸಿದರು.

ಮೆನು ವೇಗ ಹೆಚ್ಚಿಸಿ ಎಂದು ಎಲ್ಲೆಡೆ ಕೊಡುವ ಒಂದು ಸಲಹೆಯನ್ನು ನಾನು ಪಾಲಿಸುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಮೆನುಶೋಡಿಲೇ ಎಂಬ ಸೆಟ್ಟಿಂಗ್ ಇದೆ, ಒಳಮೆನು ತೆರೆಯುವ ಮೊದಲು ಎಷ್ಟು ಕಾಯಬೇಕು ಎನ್ನುವುದು, ಮೂಲತಃ 400 ಮಿಲಿಸೆಕೆಂಡ್. ಅದನ್ನು 0 ಮಾಡಿ ಅನ್ನುತ್ತಾರೆ. ಆ ಅರೆಕ್ಷಣ ಸುಮ್ಮನೆ ಇಟ್ಟದ್ದಲ್ಲ. ಸೆಂಡ್ ಟುವಿನಿಂದ ಒಳಮೆನುವಿಗೆ ಬಾಣ ಓರೆಯಾಗಿ ಹೋಗುವಾಗ ನಡುವಿನ ಬೇರೆ ಹೆಸರನ್ನು ತುಳಿಯುತ್ತದೆ. ಕಾಯುವಿಕೆ ಇಲ್ಲದಿದ್ದರೆ ಬೇಕಾದ ಒಳಮೆನು ಮುಚ್ಚಿ ಇನ್ನೊಂದು ತೆರೆದುಬಿಡುತ್ತದೆ. ತೀರಾ ನಿಧಾನ ಅನ್ನಿಸಿದರೆ 200ಕ್ಕೆ ಇಳಿಸಿ, ಸಾಕು.

ಟಾಸ್ಕ್‌ಬಾರಿನ ಪಿನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಒಂಬತ್ತಕ್ಕೆ ವಿಂಡೋಸ್ ಕೀ ಜೊತೆ 1ರಿಂದ 9ರವರೆಗಿನ ಅಂಕಿ ಕೆಲಸ ಮಾಡುತ್ತದೆ, ಎಡದಿಂದ ಎಣಿಸಿಕೊಂಡು. ಮೇಲ್ 1, ಬ್ರೌಸರ್ 2 ಎಂದು ಒಮ್ಮೆ ಜೋಡಿಸಿದ ಮೇಲೆ ಹೊಸದನ್ನು ಬಲಗಡೆಯ ಕೊನೆಗೇ ಸೇರಿಸಬೇಕು, ನಡುವೆ ತುರುಕಬಾರದು.

ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಸ್ವಾತಂತ್ರ್ಯ ಜಾಸ್ತಿ. ಮಿಂಟ್ ಎಂಬ ಲಿನಕ್ಸ್ ಆವೃತ್ತಿಯಲ್ಲಾಗಲಿ ಕೆಡಿಇ ಎಂಬ ಡೆಸ್ಕ್‌ಟಾಪಿನಲ್ಲಾಗಲಿ ಮೆನು ಎಡಿಟರ್ ತೆರೆದು ಬೇಡದ್ದನ್ನು ಮರೆಮಾಡಬಹುದು, ಹೆಸರು ಬದಲಿಸಬಹುದು. ಪ್ರೋಗ್ರಾಂ ತೆಗೆದುಹಾಕುವ ಅಗತ್ಯವೇ ಇಲ್ಲ.

ಒಂದೇ ಕಂಪ್ಯೂಟರಿನಲ್ಲಿ ಬೆಳಗಿನ ಪಾಳಿಯವರೊಬ್ಬರು, ಸಂಜೆ ಪಾಳಿಯವರೊಬ್ಬರು ಕೂರುವ ಕಡೆ ಮಾತ್ರ ಇದೆಲ್ಲ ತಲೆಕೆಳಗಾಗುತ್ತದೆ. ಇಬ್ಬರಿಗೂ ಒಂದೇ ಲಾಗಿನ್ ಇದ್ದರೆ ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಕೆಡಿಸುತ್ತಲೇ ಇರುತ್ತಾರೆ. ಪಿನ್, ಸೆಂಡ್ ಟು, ಅಲೈನ್‌ಮೆಂಟ್ ಎಲ್ಲವೂ ಆಯಾ ಬಳಕೆದಾರರ ಹೆಸರಿನಲ್ಲೇ ಉಳಿಯುವುದರಿಂದ, ಅಂಥಲ್ಲಿ ನಾನು ಮೆನುವಿಗೆ ಕೈ ಹಾಕುವ ಮೊದಲು ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿಕೊಡುತ್ತೇನೆ.