ಉಡದಾರದ ಗಂಟು

ಮೊನ್ನೆ ಟ್ರಂಕ್ ತೆಗೆದಾಗ ಮಗಳ ಹಳೇ ಉಡದಾರ ಸಿಕ್ಕಿತು. ಕರಿ ದಾರ, ನಡುವೆ ಎರಡು ಬೆಳ್ಳಿ ಗುಂಡು. ದಾರದ ಮೇಲೆ ಮೂರು ಕಡೆ ಸುಕ್ಕು. ಒಂದೊಂದು ಸುಕ್ಕೂ ಒಂದೊಂದು ಸಲ ಗಂಟು ಬಿಚ್ಚಿ ಸಡಿಲ ಮಾಡಿದ ಗುರುತು. ಕೊನೆಯದು ಒಂಬತ್ತನೇ ತಿಂಗಳದು.

ಹುಟ್ಟಿದಾಗ ಅವಳು 2.8 ಕಿಲೋ. ಆರು ತಿಂಗಳಿಗೆ ಏಳೂವರೆ. ತೊಡೆಯಲ್ಲಿ ಮೂರು ಮಡಿಕೆ, ಮಣಿಕಟ್ಟಿನಲ್ಲಿ ದಾರ ಬಿಗಿದಂಥ ಗೆರೆ. ಎಣ್ಣೆ ಹಚ್ಚಿ ಎರೆದ ಮೇಲೆ ಆ ಮಡಿಕೆಗಳ ಒಳಗಿನ ನೀರು ಒರೆಸೋದೇ ಒಂದು ಕೆಲಸ. ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಅವಳ ಕೆನ್ನೆ ಹಿಂಡದವರಿಲ್ಲ. ನದರಾಗುತ್ತದೆ ಅಂತ ಅತ್ತೆ ಅಂಗಾಲಿಗೂ ಕಪ್ಪು ಹಚ್ಚುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಹೆದರಿಕೆ. ನಮ್ಮ ತವರಿನಲ್ಲಿ ಶುಗರ್ ಇಲ್ಲದವರು ಕಡಿಮೆ. ಆದರೆ ಬರೀ ಎದೆಹಾಲು ಕುಡಿಯೋ ಕೂಸಿಗೆ ಏನು ಪಥ್ಯ ಮಾಡಿಸೋದು?

ಮಕ್ಕಳ ಡಾಕ್ಟರ್ ನಕ್ಕುಬಿಟ್ಟರು. ಹುಟ್ಟಿದಾಗ ಮೈತೂಕದಲ್ಲಿ ಕೊಬ್ಬು ನೂರಕ್ಕೆ 10-15 ಪಾಲು ಇರುತ್ತದಂತೆ. ಐದಾರು ತಿಂಗಳಿಗೆ ಸುಮಾರು ಕಾಲು ಪಾಲು ಕೊಬ್ಬೇ! ಅದು ಆಗಬೇಕಾದ್ದೇ. ಮೆದುಳು ಬೆಳೆಯೋಕೆ ಶಕ್ತಿ ಬೇಕು, ಜ್ವರ ಬಂದು ಹಾಲು ಬಿಟ್ಟರೆ ಮೈಯಲ್ಲಿ ಏನಾದರೂ ಇರಬೇಕು, ಅಲ್ವಾ? ತಾಯಿ ಕಾರ್ಡಿನಲ್ಲಿ ತೂಕದ ಏರಿಕೆ ತೋರಿಸೋ ಗೆರೆಗಳ ಮೇಲೆ ಪೆನ್ನು ಆಡಿಸಿದರು. ಗೆರೆಯ ಜೊತೆಗೇ ಸಾಗಿದರೆ ಚಿಂತೆಯಿಲ್ಲ. ಮೊದಲ ತಿಂಗಳುಗಳಲ್ಲಿ ಗೆರೆ ದಾಟಿ ದಾಟಿ ಮೇಲೇರಿದರೆ ಮುಂದೆ ಬೊಜ್ಜು ಬರೋ ಸಾಧ್ಯತೆ ಜಾಸ್ತಿ. ಹಾಗಂತ ತೂಕ ಕಡಿಮೆಯಿರೋ ಕೂಸಿಗೆ ಕೊಬ್ಬಿಲ್ಲ ಅಂತಲೂ ಅಲ್ಲ. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿತ್ತು. ನಮ್ಮವು ಸರಾಸರಿ 2.7 ಕಿಲೋ, ಅವರವು 3.5. ಸೊರಗಿದ್ದು ಸ್ನಾಯು, ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆಯಿರಲಿಲ್ಲ. ಇಂಥ ಮೈಕಟ್ಟಿಗೂ ಮುಂದೆ ಬರೋ ಶುಗರಿಗೂ ನಂಟಿರಬಹುದಂತೆ. ತವರಿನ ಶುಗರ್ ನೆನಪಾಗಿ ನಾನು ಸುಮ್ಮನಾದೆ.

ನಿಜವಾಗಿ ಕಣ್ಣಿಡಬೇಕಾದ ಕಾಲ ಆಮೇಲಿಂದು. ಒಂಬತ್ತು ತಿಂಗಳ ಸುಮಾರಿಗೆ ಮೈ ತುಂಬಿಕೊಳ್ಳೋದು ನಿಲ್ಲುತ್ತದೆ. ನಡೆಯೋಕೆ ಶುರುಮಾಡಿ, ಎತ್ತರ ಬೆಳೆದು, ಮಗು ತೆಳ್ಳಗಾಗುತ್ತದೆ. ಆರು ವರ್ಷದ ಆಸುಪಾಸು ಮತ್ತೆ ಮೈ ತುಂಬೋಕೆ ಶುರು. ಇದು ಐದೂವರೆಗೂ ಮುಂಚೆಯೇ ಆದ ಮಕ್ಕಳಲ್ಲಿ ಮುಂದೆ ಬೊಜ್ಜು ಜಾಸ್ತಿ ಅಂತ ಫ್ರಾನ್ಸಿನ ಸಂಶೋಧಕರು 1984ರಲ್ಲೇ ಬರೆದಿದ್ದಾರೆ.

ನಮ್ಮನೆಯಲ್ಲಿ ಗಲಾಟೆ ಶುರುವಾಗಿದ್ದೂ ಈ ತೆಳ್ಳಗಾಗೋ ಹೊತ್ತಿಗೇ. ಮಗಳಿಗೆ ಈಗ ನಾಲ್ಕು. “ಕೂಸು ಕಡ್ಡಿ ಆಗೈತಿ. ಮೊದಲ ಹೆಂಗಿತ್ತ! ಏನ ತಿನಸ್ತಿಯವ್ವಾ ಅದಕ?” ಅಂತ ಅತ್ತೆ ದಿನಾ ಕೇಳುತ್ತಾರೆ. ರೊಟ್ಟಿ ಮೇಲಿನ ಬೆಣ್ಣೆಗೆ ನನ್ನ ತಕರಾರಿಲ್ಲ. ಸಂಜೆ ಚಹಾದಲ್ಲಿ ಅದ್ದಿ ಅದ್ದಿ ಕೊಡೋ ಆರು ಬಿಸ್ಕೀಟಿಗೆ ಇದೆ.

ಆ ಉಡದಾರವನ್ನು ಅವರ ಎದುರಿಗೇ ಮಗಳ ಸೊಂಟಕ್ಕೆ ಸುತ್ತಿ ತೋರಿಸಿದೆ. ಒಂಬತ್ತು ತಿಂಗಳ ಸುಕ್ಕಿನಿಂದ ಮೂರೇ ಬೆರಳು ಮುಂದೆ. ಎತ್ತರ ಮಾತ್ರ ನನ್ನ ಸೊಂಟದವರೆಗೆ ಬಂದಿದೆ. ಅತ್ತೆ ಮೊಮ್ಮಗಳನ್ನು ನೋಡಿದರು, ದಾರ ಎಳೆದು ನೋಡಿದರು.

“ಹಳೇ ದಾರ, ಜಗ್ಗಿರತೈತಿ ಬಿಡ” ಅಂದರು.