ಸ್ವಾಲ್ಬಾರ್ಡ್‌ಗೆ ಹೊರಡುವ ಮುನ್ನ

ಆರ್ಕ್ಟಿಕ್ ವಿಜ್ಞಾನ ಓದಬೇಕು ಅನ್ನೋರು ಅರ್ಜಿಗಿಂತ ವೀಸಾದಲ್ಲೇ ಎಡವಬಹುದು. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ಅದು ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಹೊರಗಿದೆ, ವಿಮಾನದ ಮಾಮೂಲಿ ದಾರಿ ಆ ವಲಯದೊಳಗಿನ ನಾರ್ವೆ ಮೂಲಕವೇ. ಒಂದೇ ಪ್ರವೇಶದ ಷೆಂಗೆನ್ ವೀಸಾ ಆದರೆ ಹೋಗುವಾಗಲೇ ಖರ್ಚಾಗಿಬಿಡುತ್ತದೆ, ವಾಪಸ್ ಬರುವಾಗ ಪೇಚಾಟ. ಎರಡು ಪ್ರವೇಶದ್ದೇ ಕೇಳಿ.

ಅಲ್ಲಿನ ಲಾಂಗ್‌ಇಯರ್‌ಬ್ಯೆನ್‌ನಲ್ಲಿ 1993ರಿಂದ ಯುನಿಸ್ ಎಂಬ ವಿಶ್ವವಿದ್ಯಾಲಯ ಕೇಂದ್ರವಿದೆ. ಭೂವಿಜ್ಞಾನ, ಜೀವವಿಜ್ಞಾನ, ಭೂಭೌತ, ತಂತ್ರಜ್ಞಾನ, ಎಲ್ಲ ಪಾಠ ಇಂಗ್ಲಿಷಿನಲ್ಲೇ. ಆದರೆ ಅದು ತಾನೇ ಪದವಿ ಕೊಡುವುದಿಲ್ಲ. ನೀವು ಬೇರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿರಬೇಕು, ಕ್ರೆಡಿಟ್ ಅಲ್ಲಿಗೆ ಹೋಗಬೇಕು. ಆ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯದಿದ್ದರೆ ಒಂದು ಸೆಮಿಸ್ಟರ್ ನೀರಲ್ಲಿ ಹೋಮ. ಇನ್ನು ಪಾಠಕ್ಕೂ ಮುಂಚೆ ಸುರಕ್ಷತಾ ತರಬೇತಿ: ರೈಫಲ್ ಹಿಡಿಯುವುದು, ಹಿಮಕುಸಿತದಲ್ಲಿ ಹೂತವರನ್ನು ಹುಡುಕುವುದು. ಹಿಮಕರಡಿ ಊರಾಚೆ ಎಲ್ಲಿ ಬೇಕಾದರೂ ಎದುರಾಗಬಹುದು!

ಸಂಶೋಧಕರಿಗೆ ಇನ್ನೊಂದು ಬಾಗಿಲು ಸ್ವಾಲ್ಬಾರ್ಡ್‌ನದೇ ಸಂಶೋಧನಾ ಊರು ನೀ-ಓಲೆಸುಂಡ್‌ನ ಹಿಮಾದ್ರಿ, 2008ರಲ್ಲಿ ಶುರುವಾದ ಭಾರತದ ನೆಲೆ. ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಪ್ರಸ್ತಾವನೆ ಕರೆಯುತ್ತದೆ. 2023ರ ಡಿಸೆಂಬರಿನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ನೀ-ಓಲೆಸುಂಡ್‌ನಲ್ಲಿ ವೈಫೈ, ಬ್ಲೂಟೂತ್ ನಿಷಿದ್ಧ: ಕ್ವೇಸಾರ್ ಎಂಬ ಬಹುದೂರದ ಪ್ರಖರ ಗೆಲಾಕ್ಸಿ ಕೇಂದ್ರಗಳ ಕ್ಷೀಣ ರೇಡಿಯೋ ಸಂಕೇತ ಹಿಡಿಯುವ ಆಂಟೆನಾಗಳಿಗೆ ನಿಮ್ಮ ಇಯರ್‌ಬಡ್ ಕೂಡ ಗದ್ದಲವೇ. ಅಳತೆಗಳನ್ನು ತಾನೇ ದಾಖಲಿಸುವ ಡೇಟಾ ಲಾಗರ್ ಕೊಳ್ಳುವಾಗ ಕೇಬಲ್ ಇರುವುದನ್ನೇ ಆರಿಸಿ.