ಅಪ್ಪನ ಹಾಲು ಹೆಪ್ಪುಗಟ್ಟದ ದಿನ

ಸುಳ್ಯದ ನಮ್ಮ ತೋಟದಲ್ಲಿ ಟ್ಯಾಪಿಂಗ್ ಮುಗಿಸಿ ತಂದ ರಬ್ಬರ್ ಹಾಲನ್ನು ಅಪ್ಪ ಸೋಸಿ, ನೀರು ಬೆರೆಸಿ, ಡಿಶ್‌ಗಳಿಗೆ ಸುರಿದು, ತೆಳುವಾಗಿಸಿದ ಫಾರ್ಮಿಕ್ ಆಸಿಡ್ ಹಾಕಿ ಕಲಕುವುದನ್ನು ನೋಡುತ್ತಲೇ ಬೆಳೆದವನು ನಾನು. ಆಸಿಡ್ ಬಿದ್ದರೆ ಹಾಲು ಹೆಪ್ಪುಗಟ್ಟಬೇಕು, ಇಲ್ಲವಾದರೆ ಶೀಟು ಇಲ್ಲ. ಪಾಲಿಮರ್ ಪ್ರಯೋಗಾಲಯದಲ್ಲಿ ನನಗೆ ಒಪ್ಪಿಸಿದ್ದ ಕೆಲಸ ಮಾತ್ರ ಇದಕ್ಕೆ ತದ್ವಿರುದ್ಧವಾಗಿತ್ತು: ಅದೇ ಹಾಲಿಗೆ ಅದೇ ಆಸಿಡ್ ಹಾಕಬೇಕು, ಹಾಲು ಹಾಲಾಗಿಯೇ ಉಳಿಯಬೇಕು.

ಈ ಕೆಲಸವನ್ನು ನಾನು ಕೇಳಿ ಪಡೆಯಲು ಕಾರಣವಿತ್ತು. ನಮ್ಮ ಡೀಸೆಲ್ ಪಂಪಿಗೆ ಹಾಕಿದ್ದ ನೈಸರ್ಗಿಕ ರಬ್ಬರಿನ ವಾಷರ್ ಕೆಲವೇ ದಿನಗಳಲ್ಲಿ ಊದಿ, ಮೆತ್ತಗಾಗಿ, ಬೆರಳಿಗೆ ಅಂಟುವಂತಾಗಿತ್ತು. ಸೇತುವೆಯ ಬೇರಿಂಗಿನಲ್ಲಿ ಭಾರ ಹೊರುವ, ಲಾರಿಯ ಟೈರಿನಲ್ಲಿ ಬಾಳುವ ವಸ್ತು ಎಣ್ಣೆಯ ಮುಂದೆ ಹೀಗೇಕೆ ಸೋಲುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಬ್ಬರಿನ ಉದ್ದ ಸರಪಣಿ ಇಂಗಾಲ ಮತ್ತು ಜಲಜನಕಗಳಿಂದಷ್ಟೇ ಆದದ್ದು, ಡೀಸೆಲ್ಲೂ ಅದೇ ಜಾತಿಯದು. ಆದ್ದರಿಂದಲೇ ರಬ್ಬರ್ ಡೀಸೆಲ್ಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಸರಪಣಿಯ ಪ್ರತಿ ಕೊಂಡಿಯಲ್ಲೂ ಒಂದು ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಬಂಧ, ಇದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಗಂಧಕದ ಬೆಸುಗೆ (ಗಂಧಕ ಹಾಕಿ ಬಿಸಿಮಾಡಿ ಸರಪಣಿಗಳನ್ನು ಒಂದಕ್ಕೊಂದು ಜೋಡಿಸುವುದು) ಸಾಧ್ಯವಾಗುವುದು ಈ ದ್ವಿಬಂಧಗಳಿಂದ, ಓಝೋನ್ ತಗುಲಿ ಹಳೆಯ ರಬ್ಬರ್ ಬಿರುಕು ಬಿಡುವುದೂ ಇವುಗಳಿಂದಲೇ. ಇವುಗಳಲ್ಲಿ ಅರ್ಧದಷ್ಟಕ್ಕೆ ಆಮ್ಲಜನಕವನ್ನು ಕೂರಿಸಿದರೆ ಎಪಾಕ್ಸಿ ರಬ್ಬರ್ ಸಿಗುತ್ತದೆ. ಅದು ಎಣ್ಣೆಯನ್ನು ತಡೆಯುತ್ತದೆ, ಗಾಳಿಯನ್ನೂ ಸುಲಭವಾಗಿ ಸೋರಗೊಡುವುದಿಲ್ಲ.

ಮೊದಲ ಸಲ ನಾನು ಅವಸರಪಟ್ಟೆ. ಹಾಲನ್ನು ಕಾಯುವ, ವಿದ್ಯುದಾವೇಶವಿಲ್ಲದ ಸಾಬೂನಿನಂಥ ದ್ರಾವಣ ಚೆನ್ನಾಗಿ ಬೆರೆಯುವ ಮೊದಲೇ ಆಸಿಡ್ ಸುರಿದಿದ್ದರಿಂದ ಫ್ಲಾಸ್ಕಿನ ತುಂಬ ಬಿಳಿ ಗಡ್ಡೆ ಕಟ್ಟಿಕೊಂಡು ಕಲಕುವ ಕಡ್ಡಿಯೇ ನಿಂತುಹೋಯಿತು. ಎರಡನೆಯ ಸಲ ದ್ರಾವಣ ಬೆರೆಯುವವರೆಗೆ ಕಾದು, ದ್ವಿಬಂಧಗಳಿಗೆ ಆಮ್ಲಜನಕ ಒದಗಿಸುವ ಜೋಡಿಯಾದ ಫಾರ್ಮಿಕ್ ಆಸಿಡ್ಡನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಹನಿಹನಿಯಾಗಿ ಬಿಟ್ಟು, ಸುಮಾರು 60 ಡಿಗ್ರಿ ಬಿಸಿಯಲ್ಲಿ ಇಡೀ ದಿನ ಫ್ಲಾಸ್ಕನ್ನು ಕಾದು ಕುಳಿತೆ. ಸಂಜೆಯಾದರೂ ಹಾಲು ಹಾಲಾಗಿಯೇ ಇತ್ತು. ಆ ಹೊತ್ತಿನ ನನ್ನ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಮುಂದಿನ ವಾರ ಅದನ್ನು ತೊಳೆದು, ಒಣಗಿಸಿ, ಗಂಧಕದೊಂದಿಗೆ ಅರೆದು, ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದ ತುಂಡನ್ನೂ ಸಾದಾ ರಬ್ಬರಿನ ಅಷ್ಟೇ ದೊಡ್ಡ ತುಂಡನ್ನೂ ಡೀಸೆಲ್ಲಿನಲ್ಲಿ ಮುಳುಗಿಸಿಟ್ಟೆ. ಮೂರನೆಯ ದಿನ ಸಾದಾ ತುಂಡು ಉಬ್ಬಿ ಅಂಚು ಮಡಚಿಕೊಂಡಿತ್ತು, ನಮ್ಮದು ಬಹುತೇಕ ಮೊದಲಿನಂತೆಯೇ ಇತ್ತು. ನೆಲಕ್ಕೆ ಹಾಕಿದರೆ ಮಾತ್ರ ಅದು ಸಾದಾ ರಬ್ಬರಿನಷ್ಟು ಪುಟಿಯಲಿಲ್ಲ. ಅದರಿಂದಲೇ ಒಂದು ವಾಷರ್ ಕತ್ತರಿಸಿ ಊರಿಗೆ ಒಯ್ದೆ. ಅಪ್ಪ ಅದನ್ನು ಎಳೆದು, ಮೂಸಿ ನೋಡಿ, “ಇದು ನಮ್ಮ ಹಾಲಿನದ್ದೇ ಹೌದಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಪಂಪಿನ ಕಡೆ ನಡೆದರು.